ಮುತ್ತುಗದೆಲೆಯ ಮೇಲಿನ ಮಿಡಿತ

ಪೂಜ್ಯ ಹಾಲಮ್ಮ ತಾಯಿಯವರು ಆ ಬೇಸಿಗೆಯಲ್ಲಿ ಬತ್ತಿದ ಕೆರೆಯ ದಂಡೆಯ ಮೇಲೆ, ಅರ್ಧ ಕುಸಿದ ಕಲ್ಲುಮಂಟಪವೊಂದರಲ್ಲಿ ತಂಗಿದ್ದರು. ಒಂದು ಚಾಪೆ, ಒಂದು ಗಡಿಗೆ, ಅಷ್ಟೇ ಅವರ ಸಂಸಾರ.

ಒಂದು ಮುಂಜಾನೆ ಅಂಬಿಗರ ಹುಲುಗಪ್ಪ ಏಳು ವರ್ಷದ ಮಗಳು ಪಾರವ್ವನನ್ನು ಅಲ್ಲಿಗೆ ಕರೆತಂದ. ಸಾಧು ಸಂತರೆಂದರೆ ಮೂಗು ಮುರಿಯುವ ಆಸಾಮಿ. ಆದರೆ ಮಗು ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಹೆಂಡತಿ ಕಾಮಾಲೆಯಿಂದ ತೀರಿಕೊಂಡ ದಿನ ಅವನು ಮಗುವನ್ನು ನೆರೆಮನೆಗೆ ಕಳಿಸಿ, ಅವ್ವ ತವರಿಗೆ ಹೋಗಿದ್ದಾಳೆ ಎಂದಿದ್ದ. ಅಂದಿನಿಂದ ಅವಳ ಬಾಯಿ ಕಟ್ಟಿತ್ತು. ಮಿಡಿಯುತ್ತಿರುವ ಆಮೆಯ ಗುಂಡಿಗೆಯನ್ನು ಮಂತ್ರಿಸಿ ನುಂಗಿಸಿದರೆ ಮಾತು ಬರುತ್ತದೆಂದು ಕೇರಿಯ ಹಿರಿಯರು ಹೇಳಿದ್ದರು.

ಕೆರೆ ಬತ್ತಿದಾಗ ಆಮೆಗಳು ಕೆಸರಿನಾಳಕ್ಕಿಳಿದು, ಅನ್ನ ನೀರಿಲ್ಲದೆ, ಉಸಿರನ್ನೂ ಹಿಡಿದು ಹಿಡಿದು ಬಳಸುತ್ತ ಮಳೆಗೆ ಕಾಯುತ್ತವೆ. ಮಗುವನ್ನು ಮಂಟಪದಲ್ಲಿ ಕೂರಿಸಿ ಹುಲುಗಪ್ಪ ಬಿರಿದ ನೆಲಕ್ಕೆ ಸಲಾಕೆ ಚುಚ್ಚುತ್ತ ಹೋದ. ತಾಗಿದ್ದು ಕಲ್ಲೋ ಚಿಪ್ಪೋ ಅವನ ಕೈಗೇ ಗೊತ್ತು. ಅಗೆದು ತೆಗೆದು, ಅಲ್ಲೇ ಕೊಯ್ದು, ಗುಂಡಿಗೆಯನ್ನು ಮುತ್ತುಗದೆಲೆಯ ಮೇಲಿಟ್ಟು ಓಡಿ ಬಂದ.

“ಯವ್ವಾ, ಲಗೂನ ಮಂತ್ರ ಹಾಕ್ರಿ. ನಿಂತುಬಿಟ್ಟೀತು.”

“ಅದು ನಿಲ್ಲೂತನಕ ಕುಂದ್ರಪ್ಪಾ,” ಎಂದರು ತಾಯಿಯವರು.

ಎಷ್ಟು ಹೊತ್ತು ಮಹಾ ಎಂದುಕೊಂಡು ಕುಳಿತ. ನೂರಾರು ಆಮೆ ಕೊಯ್ದವನು ಒಂದರ ಗುಂಡಿಗೆಯನ್ನೂ ಕೊನೆಯವರೆಗೆ ನೋಡಿರಲಿಲ್ಲ. ಬಿಸಿಲೇರಿತು. ಒಡಲಿಲ್ಲದೆ, ಎಲೆಯ ಮೇಲೆ ಒಂಟಿಯಾಗಿ ಅದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ನೊಣ ಕೂತರೂ ಮಿಡಿಯಿತು. ಎಸೆದುಬಿಡೋಣವೆಂದರೆ ಹುಲುಗಪ್ಪನ ಕೈ ಏಳಲಿಲ್ಲ. ತನ್ನ ಎದೆಯೂ ಅದರ ತಾಳಕ್ಕೇ ಬಡಿಯುತ್ತಿದೆಯೆನಿಸಿ ಅವನಿಗೆ ಭಯವಾಯಿತು.

ಆಗ ಪಾರವ್ವ ಎಲೆಯ ಮೇಲೆ ಬಗ್ಗಿದಳು. ಮೂರು ತಿಂಗಳ ಮೇಲೆ ಅವಳ ಬಾಯಿ ತೆರೆಯಿತು.

“ಅಪ್ಪಾ, ಇದಕ್ಕ ‘ನೀ ಸತ್ತೀ’ ಅಂತ ಯಾರೂ ಹೇಳಿಲ್ಲೇನು?”

ತಾಯಿಯವರು ಹುಲುಗಪ್ಪನನ್ನೇ ನೋಡುತ್ತಿದ್ದರು.

“ಹೇಳು,” ಎಂದರು.

ಯಾರಿಗೆ ಎಂದು ಅವನು ಕೇಳಲಿಲ್ಲ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, “ನಿಮ್ಮವ್ವ ಸತ್ತುಹೋಗ್ಯಾಳವ್ವಾ. ಇನ್ನ ಬರಂಗಿಲ್ಲ,” ಎಂದ. ಮಗು ಕಿರುಚಿ ಅತ್ತಿತು. ಹೆಂಡತಿಯ ಹೆಣದ ಮುಂದೆ ಗಂಡಸ್ತನ ತೋರಿಸಿ ಅಳದೆ ನಿಂತಿದ್ದವನೂ ಗೋಳೋ ಎಂದು ಅತ್ತ.

ಅವರು ಕಣ್ಣೊರೆಸಿಕೊಂಡು ನೋಡುವಾಗ ಎಲೆಯ ಮೇಲಿನದು ನಿಂತಿತ್ತು. ತಾಯಿಯವರು ಅದನ್ನು ಎಲೆಯಲ್ಲೇ ಮಡಚಿ ಮಣ್ಣಿಗಿಟ್ಟರು. ಹುಲುಗಪ್ಪ ಆ ಪಾದಗಳಿಗೆ ಹಣೆ ಹಚ್ಚಿ ಎದ್ದ. ಅವ್ವನನ್ನು ಮಣ್ಣು ಮಾಡಿದ ಜಾಗ ತೋರಿಸಲು ಮಗಳ ಕೈ ಹಿಡಿದು ನಡೆದ.