ಗುಂಡುಕಲ್ಲು ಮಲಗಿದ ತೊಟ್ಟಿಲು

ಈ ಕತೆ ನನಗೆ ಮೊದಲು ಹೇಳಿದವರು ನಮ್ಮ ತಾಯಿಯ ತಾಯಿ ಪುಟ್ಟನಂಜಮ್ಮನವರು. ದೇವರಿಗೆ ದೀಪ ಹಚ್ಚಿ, ನನ್ನ ತಲೆ ತೊಡೆ ಮೇಲಿಟ್ಟುಕೊಂಡು ಹೇಳುತ್ತಿದ್ದರು. ಅವರ ಮಾತಲ್ಲೇ ಬರೆಯುತ್ತೇನೆ.

ಒಂದಾನೊಂದು ಕಾಲದಲ್ಲಿ, ಮಗಾ, ಒಂದು ಅವಸರದ ಊರಿತ್ತಂತೆ. ಅಲ್ಲಿ ಅನ್ನ ಬೇಯೋ ಮುಂಚೆ ಎಲೆ ಹಾಕೋರಂತೆ, ವಾಲಗದೋರು ಬರೋ ಮುಂಚೆ ತಾಳಿ ಕಟ್ಟಿಬಿಡೋರಂತೆ. ಆ ಊರಲ್ಲಿ ಮರಗೆಲಸದ ಆಚಾರಿಗಳು ಮೂವರು ಅಣ್ಣತಮ್ಮಂದಿರು. ದೊಡ್ಡೋನೂ ನಡುವಿನೋನೂ ಗಾಳಿ ಹಂಗೆ ಕೆಲಸ ಮುಗಿಸೋರಂತೆ. ಕಿರಿಯೋನು ಮೌನಾಚಾರಿ ಮಾತ್ರ ಹಲಗೆ ಕೊಯ್ದು, ನೆರಳಲ್ಲಿ ಒಟ್ಟಿ, ದಿನಾ ಮಗ್ಗುಲು ತಿರುಗಿಸಿ, ಪೂರ್ತಿ ಒಣಗೋವರೆಗೂ ಉಳಿ ಮುಟ್ಟುತ್ತಿರಲಿಲ್ಲವಂತೆ.

ಆಮೇಲೆ ಊರ ಪಾಳೇಗಾರನ ಹೆಂಡತಿ ಎಷ್ಟೋ ಹರಕೆ ಹೊತ್ತು ಬಸುರಿಯಾದಳಂತೆ. ಪಾಳೇಗಾರ ಮೂವರನ್ನೂ ಕರೆಸಿ, ಒಬ್ಬೊಬ್ಬರೂ ಒಂದೊಂದು ತೊಟ್ಟಿಲು ಮಾಡಿ, ನಾಮಕರಣದ ಹೊತ್ತಿಗೆ ತರದೋನು ಉಳಿ ಒಪ್ಪಿಸಿ ನನ್ನ ಕುದುರೆಗೆ ಹುಲ್ಲು ಹಾಕಬೇಕು ಅಂದನಂತೆ. ಅಣ್ಣಂದಿರು ಹಸಿ ಹಲಗೆಗೇ ಮೊಳೆ ಹೊಡೆದು, ಬಣ್ಣ ಬಳಿದು, ವಾರದೊಳಗೆ ಕೊಟ್ಟುಬಿಟ್ಟರಂತೆ. ಮೌನಾಚಾರಿ ಹೆಂಡತಿ ಕಾಳಮ್ಮ, ರೀ, ಆ ಕೂಸಿಗೆ ಮದುವೆ ಮಾಡೋ ಹೊತ್ತಿಗೆ ತೊಟ್ಟಿಲು ಕೊಡ್ತೀರೇನು ಅಂದಳಂತೆ. ಅವನು ಹಲಗೆಗೆ ಕಿವಿಯಿಟ್ಟು, ಬೆರಳಲ್ಲಿ ತಟ್ಟಿ, ಒಳಗಿನ್ನೂ ಹಸಿ ಕಣೇ ಅಂದನಂತೆ.

ಆಮೇಲೆ ಹೆಣ್ಣುಕೂಸು ಹುಟ್ಟಿತು, ನಾಮಕರಣವೂ ಬಂತು. ಮೌನಾಚಾರಿ ತೊಟ್ಟಿಲಿಗೆ ಇನ್ನೂ ಒಂದು ಮರದ ಬೆಣೆ ಬಾಕಿ. ಅವನ ಉಳಿ ಕಿತ್ತು ತರೋಕೆ ಆಳುಗಳು ಹೊರಟರಂತೆ.

ಇತ್ತ ಅರಮನೆಯಲ್ಲಿ ಹೆಸರಿಡೋ ಶಾಸ್ತ್ರ. ಕೂಸಿಗಿಂತ ಮೊದಲು ರುಬ್ಬೋ ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ತೂಗಬೇಕಲ್ಲ? ಕಲ್ಲಿಗೇನು ಜೋಗುಳ, ಕೂಸನ್ನೇ ಹಾಕಿ, ಹೊತ್ತಾಯ್ತು ಅಂದರಂತೆ ಊರೋರು. ಸೂಲಗಿತ್ತಿ ನಿಂಗಜ್ಜಿ, ನಿಮ್ಮವಸರಕ್ಕೆ ಬೆಂಕಿ ಬೀಳ, ಮೊದಲು ಗುಂಡಪ್ಪನೇ ಮಲಗೋದು ಅಂತ ಹಟ ಹಿಡಿದಳಂತೆ. ದೊಡ್ಡೋನ ತೊಟ್ಟಿಲಲ್ಲಿಟ್ಟು ತೂಗಿದರೆ, ಒಣಗಿ ಬಿರುಕುಬಿಟ್ಟಿದ್ದ ತಳ ಕಳಚಿ ಗುಂಡುಕಲ್ಲು ದಢಾರ್ ಅಂತ ನೆಲಕ್ಕೆ! ನಡುವಿನೋನದರಲ್ಲಿಟ್ಟರೆ ಮೊಳೆ ಸಡಿಲಾಗಿ ಮಗ್ಗುಲೇ ಬಿಚ್ಚಿತಂತೆ. ತಾಯಿ ಕೂಸನ್ನು ಎದೆಗವುಚಿಕೊಂಡು, ಅಯ್ಯೋ ದೇವರೇ, ನನ್ನ ಕಂದ ಇದರಲ್ಲಿ ಮಲಗಿದ್ದಿದ್ದರೆ ಅಂದಳಂತೆ.

ಆಮೇಲೆ ಅವಳು ಕೂಸನ್ನೆತ್ತಿಕೊಂಡು ಮೌನಾಚಾರಿ ಮನೆಗೆ ತಾನೇ ನಡೆದಳಂತೆ. ಹಿಂದೆ ಪಾಳೇಗಾರ, ಅವನ ಹಿಂದೆ ಗುಂಡುಕಲ್ಲು ಹೊತ್ತ ನಿಂಗಜ್ಜಿ. ಅಲ್ಲಿ ಆಳುಗಳು ಉಳಿಗೆ ಕೈ ಹಾಕಿದ್ದರೆ, ಇರ್ರಪ್ಪಾ, ಇದೊಂದು ಬೆಣೆ ಬಡಿದು ಕೊಡ್ತೀನಿ ಅಂತಿದ್ದನಂತೆ ಅವನು. ಬಿಡ್ರೋ ಅವನನ್ನ ಅಂದಳಂತೆ ತಾಯಿ. ಅವನು ಬೆಣೆ ಕೂರಿಸಿ, ತೊಟ್ಟಿಲನ್ನು ತೊಲೆಗೆ ಕಟ್ಟಿದ. ಗುಂಡಪ್ಪನನ್ನು ಮಲಗಿಸಿ ತೂಗಿದರೆ ಕಿರ್ ಅನ್ನೋ ಸದ್ದೂ ಇಲ್ಲವಂತೆ! ಕೂಸನ್ನು ಮಲಗಿಸಿದರು, ಒಂದಾಕಳಿಕೆ ತೆಗೆದು ನಿದ್ದೆ ಹೋಯಿತು. ಅದು ಏಳುತ್ತೆ ಅಂತ ಅವಸರದ ಊರಿಗೆ ಊರೇ ಉಸಿರು ಹಿಡಿದು ಬಾಗಿಲಲ್ಲಿ ನಿಂತಿತಂತೆ.

ಪಾಳೇಗಾರ ಉಳಿ ಎತ್ತಿ ಅವನ ಕೈಗೇ ಕೊಟ್ಟು, ಏನು ಬೇಕು ಕೇಳಪ್ಪಾ ಅಂದನಂತೆ, ಅದೂ ಪಿಸುಮಾತಲ್ಲಿ. ಹಲಗೆ ಒಣಗಿಸೋಕೆ ಒಂದಿಷ್ಟು ನೆರಳು ಕೊಡಿ ದೊರೆ ಅಂದನಂತೆ. ದೊಡ್ಡ ಚಪ್ಪರವೇ ಎದ್ದಿತು. ಅಣ್ಣಂದಿರೂ ಬಂದು ತಮ್ಮನ ಜೊತೆ ಹಲಗೆ ಮಗ್ಗುಲು ತಿರುಗಿಸುತ್ತಾ ಕೂತರಂತೆ. ಆ ತೊಟ್ಟಿಲಲ್ಲಿ ಆ ಕೂಸು, ಅದರ ಕೂಸು, ಅದರ ಕೂಸಿನ ಕೂಸು ಮಲಗಿ ಬೆಳೆದವಂತೆ. ಅಲ್ಲಿಗೆ ಕತೆ ಮುಗೀತು, ಮಗಾ, ನಿನ್ನ ಕಣ್ಣೂ ಮುಚ್ಚಿತು.

ಓದಿದವರು ನಿಮ್ಮ ಮನೆಯ ಮಕ್ಕಳಿಗೂ ಇದನ್ನು ಹೇಳಿ. ನಿಧಾನವಾಗಿ ಹೇಳಿ, ನಡುವೆಯೇ ಮಗು ನಿದ್ದೆ ಹೋದರೆ ಉಳಿದದ್ದು ನಾಳೆಗಿರಲಿ.