ಜಾಗ ಬದಲಾದ ಡಬ್ಬಿಗಳು

ಆಫೀಸಿಗೆ ಹೊಸ ಸಾಫ್ಟ್‌ವೇರ್ ಬಂತು. “ಟ್ರೈನಿಂಗ್‌ಗೆ ಬೇರೆ ದುಡ್ಡು ಕೇಳ್ತಾರೆ. ಯಾಕೆ ಬೇಕು? ಎಲ್ಲಾ ಹಳೇದೇ, ಜಾಗ ಮಾತ್ರ ಬದಲಾಗಿದೆ,” ಅಂದರು ಮ್ಯಾನೇಜರ್ ಶ್ರೀಕಂಠಪ್ಪ.

ನಿವೃತ್ತಿ ಹತ್ತಿರವಿದ್ದ ಕ್ಲರ್ಕ್ ಕಮಲಾಕ್ಷಮ್ಮ ದಿನವಿಡೀ ತಡಕಾಡಿದರೂ ಒಂದು ಬಿಲ್ಲೂ ಹೊರಬರಲಿಲ್ಲ. “ನಾಳೆಯೂ ಹೀಗಾದರೆ ಮೆಮೊ ಕೊಡ್ತೀನಿ,” ಅಂದರು ಸಾಹೇಬರು.

ಎಲ್ಲರಿಗೂ ಮಧ್ಯಾಹ್ನದ ಟೀ ಮಾತ್ರ ಸಾಹೇಬರೇ ಮಾಡಬೇಕು, ಅದು ಅವರ ಹೆಮ್ಮೆ. ಮರುದಿನ ಕಮಲಾಕ್ಷಮ್ಮ ಟೀ ಕೋಣೆಗೆ ಮೊದಲೇ ಹೋಗಿ, ಸಕ್ಕರೆ ಇದ್ದಲ್ಲಿ ಮಜ್ಜಿಗೆಗೆಂದು ಇಟ್ಟಿದ್ದ ಅಂಥದೇ ಉಪ್ಪಿನ ಡಬ್ಬಿ ಇಟ್ಟರು.

ಒಂದು ಗುಟುಕಿಗೇ ಸಾಹೇಬರ ಮುಖ ಹುಳ್ಳಗಾಯಿತು. “ಸಕ್ಕರೆ ಎಲ್ರೀ?”

“ಎಲ್ಲಾ ಹಳೇದೇ ಸಾರ್. ಜಾಗ ಮಾತ್ರ ಬದಲಾಗಿದೆ.”

ಶ್ರೀಕಂಠಪ್ಪ “ಸೋಮವಾರದಿಂದ ಟ್ರೈನಿಂಗ್,” ಅಂದು, ಟೀ ಚೆಲ್ಲಲು ಎದ್ದರು.

ಕಮಲಾಕ್ಷಮ್ಮ ತಮ್ಮ ಪಾಲಿನ ಉಪ್ಪು ಟೀಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

“ಚೆಲ್ಲಬೇಡಿ ಸಾರ್. ಹೊಸದಾಗಿ ಕಲಿಯೋರು ಮಾಡಿದ್ದು.”