ಬಾಲಚುಕ್ಕಿಗೆ ಕಾದ ಉದ್ದ ಲೆನ್ಸು

ತೆಂಗಿನಮರದಷ್ಟು ಉದ್ದದ ಕ್ಯಾಮೆರಾ ಲೆನ್ಸೊಂದಿತ್ತು, ನಾನೇ ಅಳೆದು ನೋಡಿದ್ದೀನಿ. ಅವತ್ತು ಬಾಲಚುಕ್ಕಿ ಗುಡ್ಡದ ಹಿಂದೆ ಇಳೀತಿತ್ತು. ಅದು ಮತ್ತೆ ಬರೋದು ಒಂಬತ್ತು ಸಾವಿರ ವರ್ಷಕ್ಕೆ. ಲೆನ್ಸು ತೆಗೆದ ಫೋಟೋ ಎಲ್ಲಾ ಅಲುಗಾಡಿ ಮಸುಕಾಗಿದ್ವು.

“ನಿನ್ನ ಕಾಲು ನಡುಗ್ತಿದೆ ಕಣೋ ಮುದುಕಪ್ಪ!” ಅಂತ ಲೆನ್ಸು ತನ್ನನ್ನ ಹೊತ್ತು ನಿಂತಿದ್ದ ಟ್ರೈಪಾಡಿನ ಮೇಲೆ ರೇಗಿತು.

“ನನ್ನ ಮೂರು ಕಾಲೂ ಬಂಡೆ ಮೇಲೇ ಇವೆ ಅಮ್ಮಾವ್ರೆ. ನಿಮ್ಮ ಕೊರಳ ಪಟ್ಟಿ ಗಾಳಿಗೆ ಪಟಪಟ ಬಡ್ಕೊಂಡು ನಿಮ್ಮನ್ನ ಅಲ್ಲಾಡಿಸ್ತಿದೆ. ಬಿಚ್ಚಿಹಾಕಿ.”

“ಬಿಚ್ಚೋದಾ? ಇದು ನನಗೆ ಬಹುಮಾನವಾಗಿ ಬಂದ ಜರಿಪಟ್ಟಿ ಕಣೋ!”

“ಚುಕ್ಕಿ ಕಾಯಲ್ಲ, ಅಮ್ಮಾವ್ರೆ!”

“ಜನ ಏನಂತಾರೆ?”

ಅಷ್ಟರಲ್ಲಿ ಚುಕ್ಕಿಯ ತಲೆ ಗುಡ್ಡ ಮುಟ್ಟಿತು. ಲೆನ್ಸು ಕೊಸರಾಡಿ ಕೊಸರಾಡಿ ಕೊನೆಗೂ ಪಟ್ಟಿ ಕಳಚಿಕೊಂಡು ಕ್ಲಿಕ್ಕಿಸಿತು.

ಫೋಟೋ ಎಷ್ಟು ಸ್ಪಷ್ಟ ಅಂದ್ರೆ, ಬಾಲದ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು. ತಲೆ ಮಾತ್ರ ಇರಲಿಲ್ಲ.